ಅವಲಕ್ಕಿ ಪವಲಕ್ಕಿ

ಹೋದ ವರ್ಷ ಗಣಪತಿ ಹಬ್ಬಕ್ಕೆ ಸಾಗರದ ಹತ್ತಿರ ಇರುವ ಅಜ್ಜಿ ಮನೆಗೆ ಹೋಗಿದ್ದೆವು. ಹಬ್ಬದ ಮಾರನೇ ದಿನ ಸಂಜೆ ಜೋರು ಮಳೆ, ಕರೆಂಟು ಹೋಯಿತು. ಮೊಬೈಲುಗಳ ಚಾರ್ಜೂ ಮುಗಿದಿತ್ತು. ತಂಗಿಯ ಮಗ, ನಾಲ್ಕು ವರ್ಷದವನು, ಕತ್ತಲೆಗೆ ಹೆದರಿ ಒಂದೇ ಸಮನೆ ಅಳುತ್ತಿದ್ದ.

ಅಜ್ಜಿಗೆ 84. ಜಗುಲಿಯಲ್ಲಿ ಚಾಪೆ ಹಾಸಿ, "ಬನ್ನಿ, ಎಲ್ಲರೂ ಕೈ ಇಡಿ" ಅಂದರು. ನಾಲ್ಕು ಮಕ್ಕಳು ಸುತ್ತ ಕೂತು ಅಂಗೈ ಕೆಳಗೆ ಮಾಡಿ ಎಂಟು ಕೈ ಇಟ್ಟರು. ಅಜ್ಜಿ ತೋರುಬೆರಳಿಂದ ಒಂದೊಂದೇ ಕೈ ಮುಟ್ಟುತ್ತಾ ಹೋದರು.

"ಅವಲಕ್ಕಿ, ಪವಲಕ್ಕಿ, ಕಾಂಚನ, ಮಿಣಮಿಣ, ಡಾಂ, ಡೂಂ, ಟಸ್, ಪುಸ್, ಕೋಯ್, ಕೊಟಾರ್!"

ಕೊಟಾರ್ ಬಿದ್ದ ಕೈ ಬೆನ್ನ ಹಿಂದೆ ಹೋಗಬೇಕು. ಅದರ ಮುಂದಿನ ಕೈಯಿಂದ ಮತ್ತೆ ಎಣಿಕೆ. ಕೊನೆಗೆ ಉಳಿದ ಕೈಗೆ ಕೋಡುಬಳೆ. ಒಂದೊಂದು ಊರಲ್ಲಿ ಈ ಹಾಡು ಒಂದೊಂದು ಥರ ಇದೆ. ಕೆಲವರು ಟಸ್ ಪುಸ್ ಬದಲು ಡಸ್ಸ ಪುಸ್ಸ ಅಂತಾರೆ. ಅವಲಕ್ಕಿ, ಕಾಂಚನ ಬಿಟ್ಟರೆ ಹೆಚ್ಚಿನದು ಬರೀ ಸದ್ದು. ಕಣ್ಣಾಮುಚ್ಚಾಲೆಗೆ ಕಳ್ಳ ಯಾರು ಅಂತ ಆರಿಸೋಕೂ ನಮಗೆ ಇದೇ ಬೇಕಿತ್ತು.

ಕೋಡುಬಳೆ ಸಿಕ್ಕಿದ್ದು ಅಳುತ್ತಿದ್ದ ಪುಟ್ಟನಿಗೆ. ಎರಡನೇ ಸಲವೂ ಅವನಿಗೇ. ಮೂರನೇ ಸಲಕ್ಕೆ ಅವನು ಅಳು ಮರೆತು, ಕೈ ನೆಲಕ್ಕೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಅಜ್ಜಿಯ ಬೆರಳನ್ನೇ ನೋಡುತ್ತಿದ್ದ.

ರಾತ್ರಿ ಮಲಗುವಾಗ ನನ್ನ ಮಗಳು ಕಿವಿಯಲ್ಲಿ ಹೇಳಿದಳು. "ಅಮ್ಮಾ, ಅಜ್ಜಿ ಪ್ರತಿ ಸಲ ನನ್ನಿಂದಲೇ ಶುರು ಮಾಡಿದ್ರು." ಅವಳು ಕೂತಿದ್ದದ್ದು ಪುಟ್ಟನ ಪಕ್ಕ. ಎಣಿಕೆಯಲ್ಲಿ ಅವಳು ಮೊದಲು, ಅವನು ಕೊನೆ.

ನನಗೆ ನಿದ್ದೆ ಬರಲಿಲ್ಲ. ಅಡುಗೆಮನೆಯಿಂದ ಎಂಟು ಹುಣಸೆಬೀಜ ತಂದು ಸುತ್ತ ಇಟ್ಟೆ. ಹಾಡಿನಲ್ಲಿ 10 ಪೆಟ್ಟು. ಹತ್ತನೆಯದನ್ನು ತೆಗೆಯುತ್ತಾ ಹೋದೆ. ಮೊದಲು 2 ಹೋಯಿತು. ಆಮೇಲೆ 5, 1, 8, 4, 6, 3. ಉಳಿದದ್ದು ಏಳನೇ ಬೀಜ. ನಾಲ್ಕನೇ ಮಗುವಿನ ಮೊದಲ ಕೈ. ಮತ್ತೆ ಇಟ್ಟು ನೋಡಿದೆ, ಅದೇ.

ಬೆಳಿಗ್ಗೆ ಹೂ ಕಟ್ಟುತ್ತಿದ್ದ ಅಜ್ಜಿಯನ್ನು ಕೇಳಿದೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ ನಮ್ಮಜ್ಜಿ. ದಾರದಿಂದ ಕಣ್ಣು ತೆಗೆಯದೆ ಹೇಳಿದರು.

"ನಾಕು ಮಕ್ಕಳಿದ್ರೆ ಪಕ್ಕದವರಿಂದ ಶುರು ಮಾಡ್ಬೇಕು ಮಗಾ. ಮೂರೇ ಇದ್ರೆ, ಯಾರು ಉಳೀಬೇಕೋ ಅವರಿಂದಲೇ."

"ಯಾರು ಹೇಳಿಕೊಟ್ರು ಅಜ್ಜಿ?"

"ಯಾರು ಹೇಳಿಕೊಡ್ತಾರೆ? ಮನೆ ತುಂಬ ಮಕ್ಕಳು. ಒಂದಲ್ಲ ಒಂದು ಅಳ್ತಾನೇ ಇರ್ತಿತ್ತು."

ಆರು ಬೀಜ ಇಟ್ಟು ಅದನ್ನೂ ನೋಡಿದೆ. ಉಳಿದದ್ದು ಎರಡನೆಯದು, ಮೊದಲ ಮಗುವಿನ ಇನ್ನೊಂದು ಕೈ. ಅಜ್ಜಿಯ ಮಾತು ಸರಿಯಿತ್ತು.

ಬೀಜಗಳು ಕೈಯಲ್ಲೇ ಉಳಿದವು. ತಂಗಿ ಹುಟ್ಟುವ ಹೊತ್ತಿಗೆ ಅಮ್ಮ ಆಸ್ಪತ್ರೆಯಲ್ಲಿದ್ದರು. ನನ್ನನ್ನು ಇದೇ ಮನೆಯಲ್ಲಿ ಬಿಟ್ಟಿದ್ದರು. ನನಗೆ ಐದು ವರ್ಷ. ಸಂಜೆಯಾದರೆ ಅಮ್ಮ ಬೇಕು ಅಂತ ಅಳುತ್ತಿದ್ದೆನಂತೆ. ಆಗ ಮನೆಯಲ್ಲಿ ಇದ್ದದ್ದು ನಾವು ಮೂರೇ ಮಕ್ಕಳು. ಅವಲಕ್ಕಿ ಅನ್ನುವಾಗ ಅಜ್ಜಿಯ ಬೆರಳು ಯಾವಾಗಲೂ ಮೊದಲು ಮುಟ್ಟುತ್ತಿದ್ದದ್ದು ನನ್ನ ಕೈಯನ್ನು.