ಮಳೆಗಾಲದ ಲ್ಯಾಬು, ರೆಕ್ಕೆಯಿಲ್ಲದ ನೊಣ

ಮಡಿಕೇರಿಯ ಜುಲೈ ಚಳಿಯಲ್ಲಿ ಹಣ್ಣಿನ ನೊಣ ಸಾಕುವುದು ಸುಲಭವಲ್ಲ. 25 ಡಿಗ್ರಿ ಶಾಖವಿದ್ದರೆ ಮೊಟ್ಟೆ ನೊಣವಾಗಲು ಸುಮಾರು 10 ದಿನ ಸಾಕು. 18ಕ್ಕೆ ಇಳಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಮರದ ಪೆಟ್ಟಿಗೆಯೊಳಗೆ ಬಲ್ಬ್ ಹಾಕಿ, ಥರ್ಮಾಮೀಟರ್ ತೂಗುಬಿಟ್ಟು, ಬಾಟಲಿಗಳನ್ನು ಬೆಚ್ಚಗಿಡುತ್ತಿದ್ದರು. ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತೆಂದರೆ ಬಾಟಲಿಗಳೆಲ್ಲ ಬುಟ್ಟಿಯಲ್ಲಿ ಅವರ ಮನೆಗೆ ಹೊರಡುತ್ತಿದ್ದವು, ಒಲೆಯ ಪಕ್ಕಕ್ಕೆ.

ನೊಣಗಳಿಗೆ ಊಟ ತಯಾರಿಸುವ ಕೆಲಸ ನಮ್ಮದು. ರವೆ, ಬೆಲ್ಲ, ಗಟ್ಟಿಯಾಗಲು ಅಗರ್ ಪುಡಿ ಸೇರಿಸಿ ಕುದಿಸಬೇಕು. ಬೂಸ್ಟು ಹಿಡಿಯದಿರಲಿ ಅಂತ ಇಳಿಸಿದ ಮೇಲೆ ಚೂರು ಪ್ರೊಪಿಯಾನಿಕ್ ಆಸಿಡ್. ಬಾಟಲಿಗೆ ಸುರಿದು ಆರಿದ ಮೇಲೆ ಯೀಸ್ಟ್. ತಳ ಹಿಡಿಯದಂತೆ ತಿರುವುತ್ತಾ ನಿಂತರೆ ಲ್ಯಾಬೆಲ್ಲ ಬೆಲ್ಲದ ಘಮ. ಪ್ರತಿ ಬಾಟಲಿಗೂ ಚೀಟಿ ಅಂಟಿಸಿ ತಾರೀಕಿನ ಜೊತೆ ಗಂಟೆಯನ್ನೂ ಬರೆಯಬೇಕಿತ್ತು. ಗಂಟೆ ಇಲ್ಲದ ಬಾಟಲಿಯನ್ನು ಮೇಡಂ ಮುಟ್ಟುತ್ತಲೇ ಇರಲಿಲ್ಲ. "ಏನಾಯ್ತು ಅನ್ನೋದು ಎಲ್ಲರಿಗೂ ಕಾಣುತ್ತೆ. ಯಾವಾಗ ಆಯ್ತು, ಅದನ್ನ ಹೇಳಿ" ಎನ್ನುತ್ತಿದ್ದರು.

ಮೈಸೂರಿನ ಮಾನಸಗಂಗೋತ್ರಿಯಿಂದ ಅವರು ಬಗೆಬಗೆಯ ನೊಣ ತಂದಿದ್ದರು. ಬಿಳಿ ಕಣ್ಣಿನವು, ಮೋಟು ರೆಕ್ಕೆಯವು, ರೆಕ್ಕೆಯೇ ಇಲ್ಲದವು. ಈ ಕೊನೆಯದರಲ್ಲಿ ಕೆಟ್ಟಿರುವುದು 'ಆಪ್ಟೆರಸ್' ಅನ್ನುವ ಒಂದೇ ಜೀನ್. ಲೆನ್ಸ್ ಹಿಡಿದು ನೋಡಿದರೆ ರೆಕ್ಕೆ ಇರಬೇಕಾದ ಜಾಗದಲ್ಲಿ ಬೆನ್ನು ಬೋಳು. ಗಾಜು ಹತ್ತುತ್ತವೆ, ಜಾರುತ್ತವೆ, ಮತ್ತೆ ಹತ್ತುತ್ತವೆ. "ಈ ಜೀನಿನ ನೆಂಟರು ಇಲಿಯಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಅಲ್ಲಿ ಏನು ಮಾಡ್ತಾರೆ ಅಂತ ಮುಂದೆ ಓದೋರು ನೋಡಿ" ಎಂದರು ಮೇಡಂ.

ಎಂ.ಎಸ್ಸಿ.ಯಲ್ಲಿದ್ದಾಗ ಆ ನೆಂಟ ಸಿಕ್ಕಿತು. ಹೆಸರು ಎಲ್‌ಎಚ್‌ಎಕ್ಸ್-2. ಮನುಷ್ಯರ ಈ ಜೀನನ್ನು ಕೊಟ್ಟರೆ ಆಪ್ಟೆರಸ್ ಕೆಟ್ಟ ನೊಣವೂ ಸುಧಾರಿಸುತ್ತದೆ ಎಂದು ವಿಜ್ಞಾನಿಗಳು 1999ರಲ್ಲೇ ತೋರಿಸಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 2008ರ ಕೆಲಸ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನರವಿಜ್ಞಾನಿ ಶುಭಾ ಟೋಳೆ ಅವರ ತಂಡ ಇಲಿ ಭ್ರೂಣದ ಮೆದುಳಿನಲ್ಲಿ ಈ ಜೀನ್ ಏನು ಮಾಡುತ್ತದೆ ಎಂದು ಬಿಡಿಸಿ ತೋರಿಸಿತ್ತು. ಮುಂದೆ ಕಾರ್ಟೆಕ್ಸ್, ಅಂದರೆ ಮೆದುಳಿನ ಹೊರಪದರ, ಆಗಬೇಕಾದ ಜೀವಕೋಶಗಳಿಗೆ 'ನೀನು ಕಾರ್ಟೆಕ್ಸ್' ಎಂದು ಗುರುತು ಕೊಡುವುದು ಇದೇ. ಮೆದುಳಿನ ಒಳಅಂಚಿನ ಕಡೆಯ ಕೋಶಗಳಲ್ಲಿ ಇದು ಇಲ್ಲದಿದ್ದರೆ ಅವು 'ಹೆಮ್' ಎಂಬ ಬೇರೆಯೇ ಅಂಗಾಂಶವಾಗುತ್ತವೆ. ಹೆಮ್‌ನ ಕೆಲಸ ಅಕ್ಕಪಕ್ಕದ ಕೋಶಗಳನ್ನು ಹಿಪೊಕ್ಯಾಂಪಸ್ ಆಗಿಸುವುದು, ಅಂದರೆ ನೆನಪಿಗೆ ಬೇಕಾದ ಭಾಗ. ಹಾಗಾಗಿ ಅಲ್ಲಲ್ಲಿ ಜೀನ್ ಇಲ್ಲದ ಕೋಶಗಳಿದ್ದ ಆ ಮೆದುಳುಗಳಲ್ಲಿ ಇರಬಾರದ ಕಡೆಯೂ ಹಿಪೊಕ್ಯಾಂಪಸ್ ಮೂಡಿತ್ತು. ಚಿತ್ರ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ಇದೆಲ್ಲ ನಡೆಯುವುದು ಬಹಳ ಮುಂಚೆ, ಮುಂದೆ ಬೇರೆ ಬೇರೆ ಕೋಶಗಳಾಗಬಲ್ಲ ಕಾಂಡಕೋಶಗಳಷ್ಟೇ ಇರುವ ಒಂದು ಸಣ್ಣ ಅವಧಿಯಲ್ಲಿ. ಆ ಹೊತ್ತು ದಾಟಿದ ಮೇಲೆ ಜೀನ್ ತೆಗೆದರೂ ಕೋಶದ ಗುರುತು ಬದಲಾಗುವುದಿಲ್ಲ. ಚೀಟಿಯ ಮೇಲೆ ಗಂಟೆ ಬರೆಸುತ್ತಿದ್ದರಲ್ಲ ಮೇಡಂ, ಅದರ ಬೆಲೆ ನನಗೆ ಪೂರ್ತಿ ಅರ್ಥವಾಗಿದ್ದು ಅಲ್ಲಿ. ಟೋಳೆ ಅವರಿಗೆ 2014ರ ಇನ್ಫೋಸಿಸ್ ಪ್ರಶಸ್ತಿ ಬಂದಾಗ ಮೊದಲು ಫೋನ್ ಮಾಡಿದ್ದೂ ಮೇಡಂಗೇ.

ಹುತ್ತರಿಗೆ ಊರಿಗೆ ಬಂದರೆ "ಬುದ್ಧಿಯ ಜೀನ್ ಯಾವುದು?" ಎಂದು ಕೇಳುತ್ತಾರೆ. ಹಾಗೆ ಒಂದು ಜೀನ್ ಇಲ್ಲ. ಯಾವ ಕೋಶ, ಎಲ್ಲಿ, ಯಾವಾಗ ಎಂದು ಕೇಳಬೇಕು. ಮನುಷ್ಯರಲ್ಲಿ ಮೆದುಳು, ಬೆನ್ನುಹುರಿಯಾಗುವ ನರನಾಳ ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಬಸಿರು ನಿಂತದ್ದು ಆಗಿನ್ನೂ ಗೊತ್ತೇ ಇರುವುದಿಲ್ಲ, ಅಲ್ವಾ? ಆ ನಾಳ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆಯನ್ನು ಬಸಿರಿಗೆ ಮೊದಲೇ ಶುರು ಮಾಡಿ ಎನ್ನುವುದು ಅದಕ್ಕೇ. ಮದುವೆಯಾದ ಅಕ್ಕ, ಅತ್ತಿಗೆ ಮನೆಯಲ್ಲಿದ್ದರೆ ಇದನ್ನು ಹೇಳಿ.

ಈಗ ಓದುತ್ತಿರುವವರಿಗೆ ಒಂದು ವಿಷಯ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ದೊಡ್ಡ ಲ್ಯಾಬಿನಲ್ಲಿ ಕೆಲಸ ಕಲಿಯಬಹುದು. ನಮ್ಮ ಕಾಲೇಜಿನಿಂದ ಅರ್ಜಿ ಹೋಗುವುದು ಕಡಿಮೆ. ಹಾಕಿ. ನೊಣ ಸಾಕಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ, ಓದುವವರಿಗೆ ಅದರ ಬೆಲೆ ಗೊತ್ತು.