ರಜೆ, ನಿದ್ದೆ, ಅಮ್ಮ

ಸೇನೆಯಿಂದ ರಜೆಗೆ ಬಂದು ಬಂಗಾರಪೇಟೆ ಸ್ಟೇಷನ್‌ನಲ್ಲಿ ಇಳಿದರೆ ಎಲ್ಲರದ್ದೂ ಅದೇ ಪ್ರಶ್ನೆ. "ಈಗ ಎಲ್ಲಿ ಪೋಸ್ಟಿಂಗು? ಚಳಿ ಜಾಸ್ತಿನಾ?" ರಾತ್ರಿ ನಿದ್ದೆ ಬರುತ್ತಾ ಅಂತ ಯಾರೂ ಕೇಳುವುದಿಲ್ಲ. ಈ ಸಲ ಅಮ್ಮ ಕೇಳಿದಳು. ನಡುರಾತ್ರಿ ನಾನು ಅಂಗಳದಲ್ಲಿ ಓಡಾಡುವುದನ್ನು ನೋಡಿರಬೇಕು.

ಸೇನೆಯಲ್ಲಿ ಮೈ ಗಟ್ಟಿಯಾಗೋಕೆ ಪಿಟಿ ಇದೆ, ಡ್ರಿಲ್ ಇದೆ. ಮನಸ್ಸಿನ ಮಾತು ಮಾತ್ರ ಬ್ಯಾರಕ್‌ನಲ್ಲಿ ತಮಾಷೆಯಾಗಿ ಮುಗಿದುಹೋಗುತ್ತಿತ್ತು. ಈಗ ಸ್ವಲ್ಪ ಬದಲಾಗಿದೆ. ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 2022ರಲ್ಲಿ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. 2023ರ ಡಿಸೆಂಬರ್‌ನಲ್ಲಿ ಸೈನಿಕರಿಗೆ, ಮನೆಯವರಿಗೆ ಅಂತಲೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಅದರದ್ದೇ ಬೇರೆ ವಿಭಾಗ ತೆರೆದರು. ನಾನೂ ಫೋನ್ ಮಾಡಿದ್ದೆ. ಆ ಕಡೆಯವರು ಬುದ್ಧಿ ಹೇಳಲಿಲ್ಲ, ಸುಮ್ನೆ ಕೇಳಿಸಿಕೊಂಡರು. ನನಗೂ ಅಷ್ಟೇ ಬೇಕಿತ್ತು. (ಪ್ರಮೋಷನ್‌ಗೆ ಕುತ್ತು ಬರುತ್ತೆ ಅಂತ ಹೆದರುವವರು ಈಗಲೂ ಇದ್ದಾರೆ. ಅವರನ್ನು ದೂರೋಕೂ ಆಗುವುದಿಲ್ಲ.)

ಅಮ್ಮನಿಗೆ ಎಲ್ಲ ಹೇಳಿದೆ. "ಫೋನಲ್ಲಿ ಯಾರಿಗೋ ಹೇಳ್ತೀಯ, ನಂಗೆ ಹೇಳೋಕೇನೋ ನಿಂಗೆ?" ಅಂತ ಬೈದು, ಮುದ್ದೆಗೆ ಇನ್ನೊಂದು ಸೌಟು ಬಸ್ಸಾರು ಬಿಟ್ಟಳು. ಭಾನುವಾರ ಇಬ್ಬರೂ ಕೋಲಾರದ ಅಂತರಗಂಗೆ ಬೆಟ್ಟ ಹತ್ತೋಣ ಅಂತಿದ್ದೇವೆ, ಅವಳ ಮಂಡಿ ಒಪ್ಪಿದರೆ.