ಜ್ವರ ಬಂದಿದ್ದು ಯಾರಿಗೆ?

ಅಣ್ಣ ಬರೆದುಕೊಂಡು ಬಂದಿದ್ದ ಪುಟ ಚೆನ್ನಾಗಿಯೇ ಇತ್ತು. ಮಮತೆ, ತಾಳ್ಮೆ, ತ್ಯಾಗ ಎಲ್ಲ ಇತ್ತು. ಮರುದಿನ ಅಮ್ಮನನ್ನು ನೆನೆಯಲು ನೆಂಟರು, ಪರಿಚಯದವರು ಸೇರುವವರಿದ್ದರು. ಅಲ್ಲಿ ಓದೋಕೆ ಏನಾದರೂ ಬೇಕಿತ್ತು. ನಮ್ಮ ಮೂವರಲ್ಲಿ ಭಾಷೆ ಚೆನ್ನಾಗಿರುವುದು ಅಣ್ಣನದೇ, ಹಾಗಾಗಿ ಕೆಲಸ ಅವನ ತಲೆಗೆ ಬಿತ್ತು. ಅವನು ಗಟ್ಟಿಯಾಗಿ ಓದಿದ. ಅಕ್ಕ ಕಣ್ಣು ಒರೆಸಿಕೊಂಡಳು. ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ ನನ್ನ ಮಗಳು ಮಾತ್ರ ತಲೆ ಎತ್ತಿ, "ಮಾವ, ಇದರಲ್ಲಿ ಅಜ್ಜಿ ಎಲ್ಲಿದ್ದಾಳೆ?" ಎಂದಳು.

ಅಣ್ಣನಿಗೆ ಸ್ವಲ್ಪ ಬೇಜಾರಾಯಿತು. ಆದರೆ ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಪುಟದಲ್ಲಿ ಹೆಸರು ಬದಲಾಯಿಸಿದರೆ ಅದು ಯಾರ ಅಮ್ಮನಿಗೆ ಬೇಕಾದರೂ ಹೊಂದುತ್ತಿತ್ತು. ಹಾಗಂತ ಅಂಥ ಪುಟಗಳು ಬೇಡ ಎಂದು ನಾನು ಹೇಳುವುದಿಲ್ಲ. ದುಃಖದಲ್ಲಿ ಬಂದು ಕೂತವರಿಗೆ ಗೊತ್ತಿರುವ ಮಾತನ್ನೇ ಮತ್ತೆ ಕೇಳುವುದು ಸಮಾಧಾನ ಕೊಡುತ್ತದೆ. ಹೊಸ ಸಂಗತಿ ತಿಳಿದುಕೊಳ್ಳೋಕೆ ಯಾರೂ ಬಂದಿರುವುದಿಲ್ಲ. ಅಣ್ಣನ ಪುಟ ಆ ಕೆಲಸಕ್ಕೆ ಸಾಕಿತ್ತು, ಮರುದಿನ ಅದನ್ನೇ ಓದಿದ, ಎಲ್ಲರೂ ಮೆಚ್ಚಿದರು.

ಆದರೆ ಆ ಸಂಜೆ ಮಾತು ಬೇರೆ ಕಡೆ ತಿರುಗಿತು. ಕಾರಣ ಅಣ್ಣನ ಮಗ. ಅವನಿಗಿನ್ನೂ ಎರಡೂವರೆ ತುಂಬಿಲ್ಲ. ಅಜ್ಜಿಯ ಕನ್ನಡಕದ ಡಬ್ಬಿ ಹಿಡಿದು ಟಕ್ ಟಕ್ ಎಂದು ತೆಗೆದು ಮುಚ್ಚುತ್ತಾ ನಮ್ಮ ಮಧ್ಯೆ ಓಡಾಡುತ್ತಿದ್ದ. ಅಕ್ಕ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಾಳೆ. ಅವನನ್ನು ನೋಡುತ್ತಾ, "ಇವನಿಗೆ ಅಮ್ಮ ಒಂಚೂರೂ ನೆನಪಿರಲ್ಲ ಕಣೋ" ಎಂದಳು.

ಅಣ್ಣ ಒಪ್ಪಲಿಲ್ಲ. ದಿನಾ ಬೆಳಗ್ಗೆ ಎದ್ದ ತಕ್ಷಣ ಅಜ್ಜಿಯ ಕೋಣೆಗೆ ಓಡುತ್ತಿದ್ದವನು, ಈಗಲೂ ಬಾಗಿಲ ಹತ್ತಿರ ಹೋಗಿ ಇಣುಕುವವನು ಮರೆಯುವುದು ಹೇಗೆ? ಅಕ್ಕ ವಿವರಿಸಿದಳು. ಈಗ ನೆನಪಿದೆ, ಇನ್ನೂ ಕೆಲವು ತಿಂಗಳು ಇರಬಹುದು. ಆದರೆ ದೊಡ್ಡವನಾದ ಮೇಲೆ ತಿರುಗಿ ನೋಡಿದರೆ ಅಲ್ಲಿ ಏನೂ ಸಿಗಲ್ಲ. ದೊಡ್ಡವರನ್ನು ಅವರ ಮೊಟ್ಟಮೊದಲ ನೆನಪು ಯಾವುದು ಎಂದು ಕೇಳಿದರೆ ಸರಾಸರಿ ಮೂರು, ಮೂರೂವರೆ ವರ್ಷದ ಆಸುಪಾಸಿನದನ್ನು ಹೇಳುತ್ತಾರಂತೆ. ಆ ವಯಸ್ಸಿನಲ್ಲಿ ನೆನಪನ್ನು ಹಿಡಿದಿಡುವ ಮಿದುಳಿನ ಭಾಗ ಇನ್ನೂ ಬಲಿಯುತ್ತಿರುತ್ತದೆ. ನಡೆದದ್ದನ್ನು ಮಾತಿನಲ್ಲಿ ಕಟ್ಟಿಡಲು ಮಾತೂ ಇನ್ನೂ ಬಂದಿರುವುದಿಲ್ಲ.

ಅಣ್ಣ ಸುಮ್ಮನಾದ. ನನಗೂ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಕೊನೆಯ ಎರಡು ವರ್ಷ ಅಮ್ಮ ಯಾರ ಜೊತೆಗಾದರೂ ಮನಸ್ಸು ಬಿಚ್ಚಿ ಮಾತಾಡಿದ್ದರೆ ಅದು ಈ ಮಗುವಿನ ಜೊತೆ. ತೊಡೆ ಮೇಲೆ ಕೂರಿಸಿಕೊಂಡು ಕಿಟಕಿಯಾಚೆ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ನಮ್ಮ ಮೇಲಿನ ದೂರುಗಳನ್ನೂ ಅವನಿಗೇ ಹೇಳುತ್ತಿದ್ದಳು. ಅವಳ ಮಾತು ಅತಿ ಹೆಚ್ಚು ಕೇಳಿಸಿಕೊಂಡವನಿಗೇ ಒಂದೂ ಉಳಿಯಲ್ಲ.

ಅಕ್ಕ ಇನ್ನೊಂದು ವಿಷಯ ಹೇಳಿದಳು. 2000ರಲ್ಲಿ ನ್ಯೂಜಿಲೆಂಡ್‌ನಲ್ಲಿ ಒಂದು ಅಧ್ಯಯನ ನಡೆದಿತ್ತಂತೆ. ಅಲ್ಲಿನ ಮಾವೋರಿ ಜನರ ಮೊದಲ ನೆನಪು ಉಳಿದವರಿಗಿಂತ ಬೇಗ, ಸರಾಸರಿ ಮೂರು ವರ್ಷಕ್ಕೂ ಮುಂಚಿನದು ಎಂದು ಕಂಡುಬಂತು. ಅವರಲ್ಲಿ ಹಿರಿಯರ ಕಥೆ, ಕುಟುಂಬದ ಹಿಂದಿನ ಕಥೆ ಹೇಳುವುದು ಜಾಸ್ತಿ. ಮಕ್ಕಳ ಜೊತೆ ನಡೆದದ್ದರ ಬಗ್ಗೆ ಮತ್ತೆ ಮತ್ತೆ, ವಿವರವಾಗಿ ಮಾತಾಡಿದರೆ ಅವರಲ್ಲಿ ನೆನಪು ಗಟ್ಟಿಯಾಗುತ್ತದೆ ಎಂದು ಬೇರೆ ಅಧ್ಯಯನಗಳೂ ಹೇಳುತ್ತವೆ. "ಹಾಗಾದ್ರೆ ಬರೆದಿಡೋಣ. ಇವನಿಗೆ ಓದಿ ಹೇಳ್ತಾ ಇರಬಹುದು" ಎಂದೆ ನಾನು.

ಇವನಿಗಾಗಿ ಬರೆಯುವುದು ಎಂದಾದ ಮೇಲೆ ಅಣ್ಣನ ಪುಟದಲ್ಲಿದ್ದ ಯಾವ ಮಾತೂ ಕೆಲಸಕ್ಕೆ ಬರಲಿಲ್ಲ. ತ್ಯಾಗ ಎಂದರೆ ಈ ಹುಡುಗನಿಗೆ ಏನು ಕಾಣುತ್ತದೆ? ಅವನಿಗೆ ಬೇಕಿರುವುದು ಮನುಷ್ಯಳು. ಮಂಡಿ ನೋವಿದ್ದಿದ್ದರಿಂದ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತಿದ್ದಳು, ಇಳಿಯುವಾಗ ಗಟ್ಟಿಯಾಗಿ ಎಣಿಸುತ್ತಿದ್ದಳು. ಫೋನ್ ಎತ್ತಿದರೆ ಹಲೋ ಎನ್ನುತ್ತಿರಲಿಲ್ಲ, "ಹೇಳು" ಎನ್ನುತ್ತಿದ್ದಳು. ಬಟ್ಟೆ ಹೊಲಿಯುತ್ತಿದ್ದಳು. ಟೇಪು ಹಿಡಿಯದೆ ಸುಮ್ನೆ ಎದುರು ನಿಲ್ಲಿಸಿ ನೋಡಿ ಅಳತೆ ಹೇಳಿಬಿಡುತ್ತಿದ್ದಳು. ಬಾಬಿನ್‌ನಲ್ಲಿ ದಾರ ಮುಗಿದರೆ ಮಾತ್ರ ಬೈಗುಳ ಬರುತ್ತಿತ್ತು, ಅದೂ ಹೊಲಿಗೆ ಯಂತ್ರಕ್ಕೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಸೇರಿಸುತ್ತಾ ಹೋದೆವು. ಮಗಳು ಬರೆದುಕೊಂಡಳು.

ಜಗಳ ಶುರುವಾಗಿದ್ದು ಜ್ವರದ ಕಥೆಗೆ. ಅಮ್ಮನ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರುವ ಕಥೆ ಅದು. ಅಪ್ಪ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ರಾತ್ರಿ ಮಗುವಿಗೆ ಜ್ವರ ಏರಿತು. ಅಮ್ಮ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಮನೆಗೆ ನಡೆದೇ ಹೋಗಿ ಬಾಗಿಲು ತಟ್ಟಿದಳು. ಆ ಮಗು ತಾನೇ ಎಂದು ಅಣ್ಣ ಇಷ್ಟು ವರ್ಷ ನಂಬಿದ್ದ. ಅಮ್ಮನ ಹೆಗಲ ಮೂಳೆ ಗಲ್ಲಕ್ಕೆ ಒತ್ತುತ್ತಿದ್ದದ್ದು ಕೂಡ ಅವನಿಗೆ ನೆನಪಿದೆ. ಅಕ್ಕ ನಕ್ಕುಬಿಟ್ಟಳು. ಅದು ತಾನು, ಅವತ್ತು ಜೋರು ಮಳೆ, ಕಂಬಳಿ ಒದ್ದೆಯಾಗಿತ್ತು ಎಂದಳು. ಮಳೆಯೇ ಇರಲಿಲ್ಲ ಎಂದು ಅಣ್ಣ. ಇಬ್ಬರೂ ಐವತ್ತು ದಾಟಿದವರು. ಅಮ್ಮನ ಹೆಗಲಿಗಾಗಿ ಹೀಗೆ ಕಿತ್ತಾಡುವುದನ್ನು ನೋಡಿ ನನಗೆ ನಗು, ಅಳು ಎರಡೂ ಬಂತು.

ನಾನು ಹೋಗಿ ಅಮ್ಮನ ನೋಟ್‌ಬುಕ್ಕುಗಳನ್ನು ತಂದೆ. ಅವಳು ಡೈರಿ ಬರೆಯುತ್ತಿರಲಿಲ್ಲ, ಲೆಕ್ಕ ಬರೆಯುತ್ತಿದ್ದಳು. ಯಾರ ಬಟ್ಟೆ, ಎಷ್ಟು ಮೀಟರ್, ಯಾವತ್ತು ಕೊಡಬೇಕು. ಅದರ ಮಧ್ಯೆ ಎಲ್ಲೋ ನಮ್ಮ ಚುಚ್ಚುಮದ್ದು, ಹಲ್ಲು ಬಿದ್ದದ್ದು, ಶಾಲೆಯ ಫೀಸು. ತುಂಬಾ ಹುಡುಕಿದ ಮೇಲೆ ಒಂದು ಪುಟದ ಅಂಚಿನಲ್ಲಿ ಸಿಕ್ಕಿತು. ಜ್ವರ 103, ರಾತ್ರಿ ಡಾಕ್ಟರ್, ಛತ್ರಿ ಕಳೆಯಿತು. ಪಕ್ಕದಲ್ಲಿ ನನ್ನ ಹೆಸರು.

ನನಗೆ ಆಗ ಎರಡು ವರ್ಷ. ನನಗೆ ಅದರ ನೆನಪೇ ಇಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕ, "ಛತ್ರಿ ಅಂದ್ರೆ ಮಳೆ ಇತ್ತು ಅಂತ ಆಯ್ತಲ್ಲ" ಎಂದಳು. ಸೋಲೊಪ್ಪುವ ಜಾಯಮಾನ ಅವಳದಲ್ಲ. ಯೋಚಿಸಿದರೆ ಹೀಗಾಗಿದ್ದು ಸಹಜವೇ. ಅಮ್ಮ ಆ ಕಥೆ ಹೇಳುವಾಗ "ಮಗೂನ ಎತ್ಕೊಂಡು" ಎನ್ನುತ್ತಿದ್ದಳೇ ಹೊರತು ಯಾವ ಮಗು ಎಂದು ಹೇಳಿದ್ದಿಲ್ಲ. ಕೇಳಿದವರೆಲ್ಲ ತಾವೇ ಹೆಗಲೇರಿಬಿಟ್ಟಿದ್ದರು. ಹೇಳಿದ ಹಾಗೆಲ್ಲ ನೆನಪು ಬದಲಾಗುತ್ತದೆ ಎಂದು ಬ್ರಿಟಿಷ್ ಮನಃಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿಕೊಟ್ಟಿದ್ದರಂತೆ. ಅಪರಿಚಿತ ಕಥೆಯೊಂದನ್ನು ಓದಿಸಿ, ಆಮೇಲೆ ಮತ್ತೆ ಮತ್ತೆ ಹೇಳಿಸಿದಾಗ ಜನ ಅದನ್ನು ತಮಗೆ ಒಗ್ಗುವ ಹಾಗೆ ತಿದ್ದುತ್ತಾ ಹೋದರು. ಅಕ್ಕ ಇದನ್ನು ವರ್ಷಾ ವರ್ಷಾ ಪಾಠ ಮಾಡುತ್ತಾಳೆ. ಆದರೂ ಕಂಬಳಿ ಒದ್ದೆಯಾಗಿದ್ದು ತನ್ನದೇ ಎಂದು ಇನ್ನೂ ಹೇಳುತ್ತಾಳೆ.

ನಾವು ಮೂರೂ ಆವೃತ್ತಿ ಬರೆಸಿದೆವು. ಹುಡುಗ ದೊಡ್ಡವನಾದ ಮೇಲೆ ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ.

ಮಗಳ ಸರದಿ ಬಂದಾಗ ಅವಳು ಹೇಳಿದ್ದು, ಅಜ್ಜಿ ಹಾವು ಏಣಿ ಆಟದಲ್ಲಿ ಮೋಸ ಮಾಡುತ್ತಿದ್ದಳು ಎಂದು. ಮೊಮ್ಮಗಳನ್ನು ಗೆಲ್ಲಿಸೋಕೆ ಅಂದುಕೊಂಡಿರಾ? ಅಲ್ಲವೇ ಅಲ್ಲ, ತಾನೇ ಗೆಲ್ಲೋಕೆ. ಹಾವಿನ ಬಾಯಿಗೆ ಬಿದ್ದರೆ ದಾಳವನ್ನು ಸೆರಗಿನಿಂದ ಮುಚ್ಚಿ "ಐದಲ್ಲ, ಆರು ಬಿದ್ದಿದ್ದು" ಎನ್ನುತ್ತಿದ್ದಳಂತೆ. ನಾವು ಮೂವರೂ ಬಾಯಿಬಿಟ್ಟು ನೋಡಿದೆವು. ನಮ್ಮ ಜೊತೆ ಅಮ್ಮ ಆಟವನ್ನೇ ಆಡಿದ್ದಿಲ್ಲ. ಅವಳಿಗೆ ಆಗ ಪುರುಸೊತ್ತು ಎಲ್ಲಿತ್ತು? ನಮಗೆ ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೂ ಯಂತ್ರ ತುಳಿಯುವ ಅಮ್ಮ, ಸುಳ್ಳು ಹೇಳಿದರೆ ಸ್ಕೇಲಿನಲ್ಲಿ ಕೊಡುವ ಅಮ್ಮ. ಮಕ್ಕಳಿಗೆ ಸಿಕ್ಕಿದ್ದು ಸುಳ್ಳು ಹೇಳುವ ಅಜ್ಜಿ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಇನ್ನೊಂದಕ್ಕೆ ಅಣ್ಣ ತುಂಬಾ ವಿರೋಧ ಮಾಡಿದ. ನಾವು ಚಿಕ್ಕವರಿದ್ದಾಗ ಅಮ್ಮ ಒಮ್ಮೊಮ್ಮೆ ಕತ್ತರಿ ಕೆಳಗಿಟ್ಟು, "ನಿಮ್ಮನ್ನೆಲ್ಲ ಬಿಟ್ಟು ಎಲ್ಲಾದ್ರೂ ಹೊರಟುಹೋಗ್ತೀನಿ" ಎನ್ನುತ್ತಿದ್ದಳು. ಒಮ್ಮೆ ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋಗಿದ್ದಳು. ಕತ್ತಲಾಗುವ ತನಕ ಅಲ್ಲೇ ನಿಂತಿದ್ದು ಒಳಗೆ ಬಂದು ಮತ್ತೆ ಹೊಲಿಯಲು ಕೂತಳು. ಇದನ್ನು ಮಗುವಿಗೆ ಯಾಕೆ ಹೇಳಬೇಕು ಎಂದು ಅಣ್ಣ. ನಾನು ಪಟ್ಟು ಬಿಡಲಿಲ್ಲ. ಅವಳಿಗೆ ಬೇಸರವೇ ಆಗುತ್ತಿರಲಿಲ್ಲ, ಮಕ್ಕಳಿಗಾಗಿ ಬದುಕುವುದು ಅವಳಿಗೆ ಉಸಿರಾಡಿದಷ್ಟೇ ಸುಲಭವಾಗಿತ್ತು ಎಂದು ಬರೆದರೆ ಅವಳು ಮಾಡಿದ್ದರಲ್ಲಿ ಏನು ಉಳಿಯಿತು? ಗೇಟಿನ ತನಕ ಹೋಗಿ ವಾಪಸ್ ಬಂದಳಲ್ಲ, ಅದನ್ನೇ ಆ ಹುಡುಗ ತಿಳಿದಿರಬೇಕು. ಅಕ್ಕ ನನ್ನ ಕಡೆ ನಿಂತಳು. ಅದನ್ನೂ ಬರೆಸಿದೆವು.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಡ್ಯೂಕ್, ರಾಬಿನ್ ಫಿವುಶ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಮಕ್ಕಳಿಗಾಗಿ 20 ಪ್ರಶ್ನೆಗಳನ್ನು ಮಾಡಿದ್ದರು. ನಿನ್ನ ಅಮ್ಮ ಬೆಳೆದದ್ದು ಎಲ್ಲಿ, ಅಪ್ಪ ಅಮ್ಮ ಭೇಟಿಯಾಗಿದ್ದು ಹೇಗೆ, ನಿನಗೆ ಈ ಹೆಸರು ಯಾಕೆ ಇಟ್ಟರು, ಹೀಗೆ. ಮನೆಯವರ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಒಳ್ಳೆಯ ಭಾವನೆಯೂ ಹೆಚ್ಚಿರುವುದು ಅವರಿಗೆ ಕಂಡಿತು. ಅಕ್ಕ ಅದೇ ಧಾಟಿಯಲ್ಲಿ ನಮ್ಮನ್ನು ಕೇಳತೊಡಗಿದಳು. ಮೊದಮೊದಲು ಸಲೀಸಾಗಿ ಉತ್ತರ ಬಂತು. ಆಮೇಲೆ, "ಅಮ್ಮನಿಗೆ ಹೊಲಿಗೆ ಕಲಿಸಿದ್ದು ಯಾರು?" ಎಂದಳು. ಗೊತ್ತಿಲ್ಲ. "ಓದು ಯಾಕೆ ಬಿಟ್ಟಳು?" ಮನೆಯ ಕಷ್ಟಕ್ಕೆ ಎಂದ ಅಣ್ಣ. ಯಾವ ಕಷ್ಟ ಎಂದರೆ ಅವನಿಗೂ ಗೊತ್ತಿಲ್ಲ. "ಮದುವೆಗೆ ಮುಂಚೆ ಅವಳಿಗೆ ಏನಾಗಬೇಕು ಅಂತ ಆಸೆ ಇತ್ತು?" ಮೂವರೂ ಮುಖ ಮುಖ ನೋಡಿಕೊಂಡೆವು. ನಮ್ಮ ಪ್ರಕಾರ ಅಮ್ಮ ಹುಟ್ಟಿದ್ದೇ ಅಮ್ಮನಾಗಿ.

ಮಗಳು ಪ್ರಶ್ನೆ ಬರೆದು ಕೆಳಗೆ ಜಾಗ ಬಿಟ್ಟಳು. ಅಮ್ಮನ ಬಾಲ್ಯ ಕಂಡವರಲ್ಲಿ ಈಗ ಉಳಿದಿರುವುದು ಚಿಕ್ಕಮ್ಮ ಒಬ್ಬರೇ. ಅವರಿಗೆ ಎಂಬತ್ತರ ಹತ್ತಿರ, ಕಿವಿ ಮಂದ, ಫೋನಿನಲ್ಲಿ ಕೇಳಿದರೆ ಏನಕ್ಕೋ ಏನೋ ಹೇಳುತ್ತಾರೆ. ಹೋಗಿ ಎದುರು ಕೂತೇ ಕೇಳಬೇಕು. ಬರುವ ಭಾನುವಾರ ಹೋಗುತ್ತಿದ್ದೇವೆ, ಅಣ್ಣನೂ ಬರುತ್ತೇನೆ ಎಂದಿದ್ದಾನೆ.